ಲೇತ್ ಬಣ್ಣದ ರೇಸ್ ಕಾರು

ಗ್ಯಾರೇಜ್ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಮಾತು: "ಸಾಬ್ರೆ, ನಿಮ್ಮ ಕಾಲದಾಗ ಈ ಕೆಲಸ ಹೆಂಗಿತ್ತು?" ಬಹಳಷ್ಟು ದಿನ ಬೇಸರದ್ದೇ ಆಗಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಭತ್ತದ ಗಿರಣಿಯ ಎಂಜಿನ್, ಟ್ರ್ಯಾಕ್ಟರ್, ಲಾರಿ, ಮತ್ತೆ ಗಿರಣಿಯ ಎಂಜಿನ್. ಉಗುರಿನ ಸಂದಿಯ ಗ್ರೀಸ್ ನನ್ನ ಮದುವೆಯ ದಿನವೂ ಹೋಗಿರಲಿಲ್ಲ. ಮೆಹಂದಿ ಹಚ್ಚಿದ ಕೈ ನೋಡಿ ನನ್ನ ಅತ್ತೆ "ಇದೇನ್ ಬಣ್ಣಾನೋ, ಮಡ್ಡೀನೋ" ಅಂದಿದ್ದರು. ಆದರೆ ಅದೇ ಬೇಸರದ ನಡುವೆ ಒಂದು ಕಾರು ಬಂತು. ಆ ಕಾರಿಗೆ ಹೆಸರಿಲ್ಲ. ಹಳೆಯ ರೇಸುಗಳ ಬಗ್ಗೆ ಮಾತಾಡುವವರ ಬಾಯಲ್ಲೂ ಅದು ಬರುವುದಿಲ್ಲ. ಅದರ ಕಥೆ ಹೇಳಲು ಶುರುಮಾಡಿದರೆ ನನಗೆ ಈ ವಯಸ್ಸಿನಲ್ಲೂ ಕೂತಲ್ಲಿ ಕೂರಲು ಆಗುವುದಿಲ್ಲ.

ನನ್ನ ಹೆಸರು ದಾದಾಪೀರ್. ಹರಿಹರದ ಹಳೇ ಪಿ.ಬಿ. ರಸ್ತೆಯ ಮಗ್ಗುಲಲ್ಲಿದ್ದ ಚನ್ನಬಸಪ್ಪನವರ ವರ್ಕ್‌ಶಾಪಿನಲ್ಲಿ ಎಂಜಿನ್ ಫಿಟ್ಟರ್ ಆಗಿದ್ದೆ. ಯಜಮಾನರು ಅದಕ್ಕೂ ಮೊದಲು ಊರಿನ ದೊಡ್ಡ ಯಂತ್ರ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದವರು. ಅಲ್ಲಿ ಮೇಲಿನವರ ಜೊತೆ ಜಗಳವಾಡಿ, ಬಿಟ್ಟು ಬಂದು ಸ್ವಂತ ಷೆಡ್ ಹಾಕಿದ್ದರು. ಗಿರಾಕಿ ಎದುರಿಗಿದ್ದಾಗ ಅವರು ನಮಗೆ ಒಂದು ಮಾತೂ ಬೈಯುತ್ತಿರಲಿಲ್ಲ. ಗಿರಾಕಿ ರಸ್ತೆ ಮುಟ್ಟುವ ತನಕ ಕಾಯುತ್ತಿದ್ದರು, ಆಮೇಲೆ ಅಷ್ಟನ್ನೂ ಸೇರಿಸಿ ಒಂದೇ ಸಲಕ್ಕೆ ಬೈಯುತ್ತಿದ್ದರು. ಹಾಗಾಗಿ ಗಿರಾಕಿಗಳು ಹೋಗದೆ ಅಲ್ಲೇ ಕೂತಿರಲಿ ಅಂತ ನಾವು ಅವರಿಗೆ ಚಾ ತರಿಸಿ ಕೊಡುತ್ತಿದ್ದೆವು.

ಒಂದು ಸಲ ಯಜಮಾನರು ಸಾಮಾನು ತರಲು ಮದ್ರಾಸಿಗೆ ಹೋದವರು ಎರಡು ದಿನ ತಡವಾಗಿ ಬಂದರು. ಮುಖ ಬಿಸಿಲಿಗೆ ಸುಟ್ಟು ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿದ್ದವು. ಅಲ್ಲಿ ಊರಾಚೆ, ವಿಮಾನ ಇಳಿಯದೆ ಬಿಟ್ಟಿದ್ದ ಹಳೇ ರನ್‌ವೇ ಮೇಲೆ ಕಾರುಗಳ ರೇಸ್ ನೋಡಿಕೊಂಡು ಬಂದಿದ್ದರು. ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡರು.

"ಅಲ್ಲಿ ಒಂದು ರೇಸ್ ಐತೆ ನೋಡ್ರಲೇ, ಬೆಳಿಗ್ಗೆ ಬಿಟ್ಟರೆ ಆರು ತಾಸು ಓಡಬೇಕು. ಜೋರಾಗಿ ಹೋಗೋ ಗಾಡಿಗಳೆಲ್ಲ ಮಧ್ಯಾಹ್ನದ ಹೊತ್ತಿಗೆ ಹೊಗೆ ಬಿಟ್ಕೊಂಡು ನಿಂತ್ಕಂತಾವೆ. ಕೊನಿಗೆ ಓಡ್ತಾ ಇರೋನೇ ಗೆಲ್ಲಾದು. ನಾವು ಗಿರಣಿ ಎಂಜಿನ್ ಸುಗ್ಗಿ ಪೂರ್ತಿ ಓಡಂಗೆ ಮಾಡಿ ಕೊಡ್ತೀವಿ. ಒಂದು ಕಾರು ಆರು ತಾಸು ಓಡಂಗೆ ಮಾಡಾಕ ಆಗಲ್ಲೇನು?"

ನಾವು ನಕ್ಕೆವು. ಅವರು ನಗಲಿಲ್ಲ. ಮರುವಾರವೇ ಅಪಘಾತದಲ್ಲಿ ಜಜ್ಜಿಹೋಗಿದ್ದ ಹಳೇ ಕಾರೊಂದು ಲಾರಿಯ ಮೇಲೆ ಷೆಡ್ಡಿಗೆ ಬಂತು.

ಅದರ ಮೇಲ್ಭಾಗವನ್ನೆಲ್ಲ ಕತ್ತರಿಸಿ ಎಸೆದು, ಪೈಪ್ ಬೆಸೆದು ಹೊಸ ಅಸ್ಥಿಪಂಜರ ಮಾಡಿದೆವು. ಒಂದೇ ಸೀಟು, ಬಾಗಿಲು ಇಲ್ಲ. ಎಂಜಿನ್ನಿನ ಪ್ರತಿ ಭಾಗವನ್ನೂ ನಾನು ಬಿಚ್ಚಿ, ತೂಗಿ, ತೀಡಿ, ಮತ್ತೆ ಜೋಡಿಸಿದೆ. ಯಜಮಾನರಿಗೆ ಅಶ್ವಶಕ್ತಿಯ ಹುಚ್ಚಿರಲಿಲ್ಲ. ಅವರ ಹುಚ್ಚೆಲ್ಲ ಎಣ್ಣೆ ಮತ್ತು ನೀರಿನದು. "ಎಣ್ಣಿ ತಣ್ಣಗಿದ್ರೆ ಎಂಜಿನ್ ಸಾಯಲ್ಲ" ಎನ್ನುತ್ತ ಟ್ರ್ಯಾಕ್ಟರಿನ ರೇಡಿಯೇಟರ್ ಒಂದನ್ನು ಕತ್ತರಿಸಿ ಕಾರಿನ ಮೂತಿಗೆ ಕೂರಿಸಿದರು. ಮೈಗೆ ತೆಳು ಅಲ್ಯೂಮಿನಿಯಂ ತಗಡು ಬಡಿದುಕೊಟ್ಟವರು ದಾವಣಗೆರೆಯಲ್ಲಿ ಟ್ರಂಕ್ ಪೆಟ್ಟಿಗೆ ಮಾಡುತ್ತಿದ್ದ ಒಬ್ಬ ಹಿರಿಯರು. ಬಣ್ಣಕ್ಕೆ ಬೇರೆ ಹುಡುಕಲಿಲ್ಲ. ಲೇತ್ ಮಷೀನುಗಳಿಗೆ ಬಳಿಯುವ ಮಂಕು ಹಸಿರು ಬಣ್ಣ ಡಬ್ಬಿಯಲ್ಲಿ ಉಳಿದಿತ್ತು, ಅದನ್ನೇ ಬಳಿದೆವು.

ಮೊದಲ ಓಟಕ್ಕೆ ಆನಗೋಡಿನ ಕಡೆಯ ಹೆದ್ದಾರಿಗೆ ಹೋದೆವು. ಆಗ ಅಲ್ಲಿ ಬೆಳಗಿನ ಹೊತ್ತು ಒಂದೊಂದೇ ಲಾರಿ ಬರುತ್ತಿತ್ತು. ಓಡಿಸಲು ಕೂತವನು ಜಯಣ್ಣ. ಅವನ ಮನೆಯವರದು ಲಾರಿ ವ್ಯವಹಾರ; ತುಂಬಿದ ಲಾರಿಯನ್ನೂ ಎತ್ತಿನ ಗಾಡಿಯಂತೆ ಆಡಿಸುವವನು. ನೋಡುನೋಡುತ್ತ ಕಾರು ಚಿಕ್ಕದಾಯಿತು, ಅದರ ಸದ್ದು ಏರಿತು, ನನ್ನ ಮೈಯೆಲ್ಲ ಜುಮ್ಮೆಂದಿತು. ಅಷ್ಟರಲ್ಲಿ ಕಾರಿನಿಂದ ಏನೋ ಎದ್ದು, ಹದ್ದಿನ ಹಾಗೆ ಒಂದು ಸುತ್ತು ತಿರುಗಿ, ಮೆಕ್ಕೆಜೋಳದ ಹೊಲದೊಳಗೆ ಇಳಿಯಿತು.

ಬಾನೆಟ್! ಟ್ರಂಕ್ ಮಾಡುವವರು ತಮ್ಮ ಪದ್ಧತಿಯಂತೆ ಅದಕ್ಕೂ ಟ್ರಂಕಿನ ಚಿಲಕವನ್ನೇ ಹಾಕಿದ್ದರು. ಚಂದ ಕಾಣುತ್ತದೆ ಅಂತ ನಾವೂ ಸುಮ್ಮನಿದ್ದೆವು. ಹುಡುಕಲು ಹೊಲಕ್ಕೆ ಇಳಿಯುವ ಮೊದಲೇ ಒಬ್ಬ ಹೆಂಗಸು ಅದನ್ನು ತಲೆಯ ಮೇಲೆ ಹೊತ್ತುಕೊಂಡು ಬಂದರು.

"ಯಾರದ್ರಿ ಇದು ಮುಚ್ಚಳ? ನನ್ನ ಎಮ್ಮಿ ಬೆದರಿ ಹಗ್ಗ ಹರ್ಕಂಡು ಹೋತು. ಈಗ ಎಮ್ಮಿ ಹುಡುಕಿಕೊಡ್ರಿ, ಆಮ್ಯಾಲೆ ಮುಚ್ಚಳ ಕೊಡ್ತೀನಿ."

ಆ ಬೆಳಿಗ್ಗೆ ನಾವು ಕಾರು ಪರೀಕ್ಷೆ ಮಾಡಲಿಲ್ಲ, ಎಮ್ಮೆ ಹುಡುಕಿದೆವು. ಜಯಣ್ಣ ಬಾನೆಟ್ ಇಲ್ಲದ ರೇಸ್ ಕಾರಿನಲ್ಲೇ ಕಾಲುದಾರಿಯ ತನಕ ಹೋಗಿ ಎಮ್ಮೆ ಕಂಡುಹಿಡಿದ. ಯಜಮಾನರು ಆ ತಾಯಿಗೆ ಕೈ ಮುಗಿದು, ಅವರು ಮರೆಯಾದ ಮೇಲೆ ನಮ್ಮ ಕಡೆ ತಿರುಗಿದರು. ಆಮೇಲಿನದನ್ನು ಬರೆಯುವಂತಿಲ್ಲ.

ರೇಸಿಗೆ ಇಬ್ಬರು ಡ್ರೈವರ್ ಬೇಕಿತ್ತು. ಎರಡನೆಯವರು ಯಾರು ಅನ್ನುವುದೇ ದೊಡ್ಡ ಗಲಾಟೆಯಾಯಿತು. ಯಜಮಾನರ ತಂಗಿ ವತ್ಸಲಾ ದಾವಣಗೆರೆಯ ವಿದ್ಯಾನಗರದಲ್ಲಿದ್ದರು, ಕಾಲೇಜಿನಲ್ಲಿ ಗಣಿತದ ಲೆಕ್ಚರರ್. ನಾನು ಅವರನ್ನು ಅಕ್ಕಾರು ಎನ್ನುತ್ತಿದ್ದೆ. ಭಾನುವಾರ ಬಂದರೆ ಷೆಡ್ಡಿನಲ್ಲಿ ಕಾರಿನ ಸುತ್ತ ಸುತ್ತುತ್ತ ನಿಲ್ಲುತ್ತಿದ್ದರು. ಒಂದು ದಿನ ನೇರವಾಗಿ ಕೇಳಿಯೇಬಿಟ್ಟರು.

"ಅಣ್ಣ, ನಾನು ಓಡಿಸ್ತೀನಿ."

"ಬ್ಯಾಡ. ನಿಂಗೆ ಏನಾರ ಆದ್ರೆ ಅವ್ವಗೆ ಏನಂತ ಹೇಳ್ಲಿ?"

"ಜಯಣ್ಣಗೆ ಏನಾರ ಆದ್ರೆ ಅವನ ಅವ್ವಗೆ ಏನಂತ ಹೇಳ್ತೀಯ? ಅದನ್ನೇ ಹೇಳು."

ಜಯಣ್ಣ ಗೊಳ್ಳೆಂದು ನಕ್ಕ. ಕೊನೆಗೆ ಆನಗೋಡಿನ ರಸ್ತೆಯಲ್ಲಿ ಇಬ್ಬರೂ ಒಂದೇ ದೂರ ಓಡಿಸಿ ತೋರಿಸುವುದು ಎಂದಾಯಿತು. ಮೊದಲು ಜಯಣ್ಣ ಹೋಗಿ ಬಂದ. ಟೈರು ಚೀರಿತು, ದೂಳು ಎದ್ದಿತು, ನಾವೆಲ್ಲ ಕೇಕೆ ಹಾಕಿದೆವು. ಕಾರು ಆರಿದ ಮೇಲೆ ವತ್ಸಲಾ ಹೋಗಿ ಬಂದರು. ಚೀರಾಟವಿಲ್ಲ, ದೂಳಿಲ್ಲ, ನಿಧಾನವಾಗಿ ಹೋದ ಹಾಗೇ ಕಂಡಿತು. ಯಜಮಾನರ ಕೈಯಲ್ಲಿದ್ದ ಗಡಿಯಾರ ಮಾತ್ರ ಇಬ್ಬರಿಗೂ ಒಂದೇ ಹೊತ್ತು ತೋರಿಸಿತು. ಜಯಣ್ಣ ಬಂದಾಗ ಬ್ರೇಕ್ ಡ್ರಮ್ಮಿನ ಮೇಲೆ ನೀರು ಚಿಮುಕಿಸಿದರೆ ಚುಂಯ್ ಎಂದು ಹಾರಿಹೋಗಿತ್ತು. ಈಗ ಯಜಮಾನರು ಅದರ ಮೇಲೆ ಬೆರಳು ಇಟ್ಟರು, ಇಟ್ಟೇ ಇದ್ದರು. ತಂಗಿಯ ಮುಖ ನೋಡಿ, "ಹೆಲ್ಮೆಟ್ಟು ದೊಡ್ಡದಾಗತೈತೆ, ಒಳಗೆ ಹತ್ತಿ ಹಾಕಿಸ್ಬೇಕು" ಅಂದರು. ಒಪ್ಪಿಗೆ ಅಂತ ನಮಗೆ ಅರ್ಥವಾಯಿತು.

ಜಯಣ್ಣನ ಲಾರಿಯ ಮೇಲೆ ಕಾರು ಹೇರಿಕೊಂಡು ಮದ್ರಾಸಿಗೆ ಹೋದೆವು. ಆ ರನ್‌ವೇ ಮೇಲೆ ಎತ್ತ ನೋಡಿದರೂ ಕಾರು. ಬೆಂಗಳೂರು, ಕೊಯಮತ್ತೂರು, ಕಲ್ಕತ್ತಾ, ಬೊಂಬಾಯಿಯ ಕಾರುಗಳು. ಮಿಂಚುವ ಬಣ್ಣ, ಕಂಪನಿಗಳ ಹೆಸರು, ಒಂದೇ ತರದ ಅಂಗಿ ತೊಟ್ಟ ಮೆಕ್ಯಾನಿಕ್‌ಗಳು. ನಾವು ಲುಂಗಿ ಬಿಟ್ಟು ಪ್ಯಾಂಟ್ ಹಾಕಿದ್ದೇ ದೊಡ್ಡದು. ಪಕ್ಕದ ತಂಡದವನೊಬ್ಬ ನಮ್ಮ ಕಾರು ನೋಡಿ, "ಲೇತ್‌ಗೆ ಗಾಲಿ ಹಾಕ್ಕೊಂಡು ಬಂದವ್ರೆ" ಅಂದ. ಅವನೂ ಕನ್ನಡದವನು ಅಂತ ಗೊತ್ತಾಗಿ ಖುಷಿಯಾಯಿತು, ಸಿಟ್ಟೂ ಬಂತು.

ಬಾವುಟ ಬಿತ್ತು. ಅಷ್ಟೂ ಕಾರುಗಳು ಒಟ್ಟಿಗೆ ಕೂಗಿದಾಗ ನೆಲದ ನಡುಕ ನನ್ನ ಅಂಗಾಲಿನಿಂದ ಹಲ್ಲಿನ ತನಕ ಬಂತು. ಮೊದಲು ಓಡಿಸಿದವನು ಜಯಣ್ಣ. ಯಜಮಾನರು ಬೆಟ್ಟದಷ್ಟು ಹೇಳಿ ಕಳಿಸಿದ್ದರಿಂದ ಹಿಂದೆಯೇ ಉಳಿದು ಒಂದೇ ಸಮ ಓಡಿಸಿದ. ಬಿಸಿಲು ಏರುತ್ತಿದ್ದಂತೆ ಕಾಂಕ್ರೀಟು ಕಾವಲಿಯಾಯಿತು. ಯಜಮಾನರು ಹೇಳಿದ್ದಂತೆಯೇ ಒಂದೊಂದೇ ಕಾರು ಉಗಿ ಬಿಟ್ಟುಕೊಂಡು ಒಳಗೆ ಬರತೊಡಗಿತು. ಒಂದರ ಗಾಲಿ ಕಳಚಿತು, ಇನ್ನೊಂದರ ಪಿಸ್ಟನ್ ತೂತಾಯಿತು. ನಮ್ಮ ಟ್ರ್ಯಾಕ್ಟರ್ ರೇಡಿಯೇಟರಿನ ಕಾರು ಮಾತ್ರ ಬರುತ್ತಿತ್ತು, ಹೋಗುತ್ತಿತ್ತು. ಚಿಕ್ಕ ಎಂಜಿನ್ನಿನ ಕಾರುಗಳಿಗೆ ಬೇರೆಯೇ ವರ್ಗವಿತ್ತು; ಆ ನಮ್ಮ ವರ್ಗದಲ್ಲಿ ನಾವೇ ಮುಂದೆ ಅಂತ ಧ್ವನಿವರ್ಧಕ ಹೇಳಿದಾಗ ನಾನು ಯಜಮಾನರನ್ನು ಅಪ್ಪಿಕೊಂಡೆ. "ಬಿಡಲೇ, ಇನ್ನೂ ಬಾಳ ಐತೆ" ಎಂದು ತಳ್ಳಿದರು.

ಮಧ್ಯಾಹ್ನ ವತ್ಸಲಾ ಓಡಿಸುತ್ತಿದ್ದರು. ಪೆಟ್ರೋಲ್ ತುಂಬಿಸಿಕೊಳ್ಳಲು ಒಳಗೆ ಬಂದವರು ಎಂಜಿನ್ ಆರಿಸಿ ಕೂಗಿದರು: "ಕ್ಲಚ್ ಕೇಬಲ್ ಹೋತು! ಪೆಡಲ್ ನೆಲಕ್ಕೆ ಬಿದ್ದೈತೆ!"

ಎಲ್ಲರಿಗೂ ಜೀವ ಹೋದಂತಾಯಿತು. ಆ ಕೇಬಲ್ ಹಾಕಿದ್ದ ಜಾಗ ಎಂಥದೆಂದರೆ, ಬದಲಿಸಬೇಕಾದರೆ ಅರ್ಧ ಕಾರು ಬಿಚ್ಚಬೇಕು. ಅಷ್ಟರಲ್ಲಿ ಹಿಂದಿನವರು ಎಷ್ಟೋ ಸುತ್ತು ಮುಂದೆ ಹೋಗಿರುತ್ತಾರೆ. ಕ್ಲಚ್ ಇಲ್ಲದೆ ಹೊರಡಿಸೋಣ ಅಂದರೆ ತಳ್ಳುವಂತಿಲ್ಲ. ಕಾರು ತನ್ನ ಸ್ವಂತ ಬಲದಿಂದಲೇ ಹೊರಡಬೇಕು ಎನ್ನುವುದು ನಿಯಮ.

ಯಜಮಾನರು ಸ್ಪ್ಯಾನರ್ ಹಿಡಿದು ಬಗ್ಗಿದ್ದರು. "ಬಿಚ್ಚಣ. ಮುಗಿಸಿದ್ರೆ ಸಾಕು, ಗೆಲ್ಲಾದು ಬ್ಯಾಡ."

"ಅಣ್ಣ, ಬಿಚ್ಚಬ್ಯಾಡ." ವತ್ಸಲಾ ಸೀಟಿನಿಂದ ಏಳಲಿಲ್ಲ. "ಫಸ್ಟ್ ಗೇರಿಗೆ ಹಾಕಿ ಸೆಲ್ಫ್ ಹೊಡೀತೀನಿ. ಸೆಲ್ಫ್ ಮೋಟರೇ ಗಾಡಿ ಎಳೀತೈತೆ. ಒಂದ್ಸಲ ಎಂಜಿನ್ ಹಿಡಿದ್ರೆ ಮುಂದಿನ ಗೇರು ಸದ್ದು ಕೇಳಿ ಹಾಕ್ಕಂತೀನಿ."

"ಬ್ಯಾಟರಿ ಸತ್ತರೆ?"

"ಸತ್ತರೆ ಆಗ ಬಿಚ್ಚು. ದಾದಾಪೀರ್, ನೀವ್ ಹೇಳ್ರಿ, ಹಿಡೀತೈತೋ ಇಲ್ಲೋ?"

ಯಜಮಾನರ ಎದುರು ನಾನೇನು ಹೇಳಲಿ? ಆದರೆ ಆ ಎಂಜಿನ್ ಜೋಡಿಸಿದವನು ನಾನು. ಬಿಸಿಯಾಗಿರುವಾಗ ಅದು ಎಂದೂ ಎರಡನೇ ಸಲ ಸೆಲ್ಫ್ ಹೊಡೆಸಿಕೊಂಡದ್ದಿಲ್ಲ. "ಹಿಡೀತೈತೆ ಅಕ್ಕಾರೆ" ಅಂದೆ. ಯಜಮಾನರು ನನ್ನನ್ನು ನುಂಗುವಂತೆ ನೋಡಿದರು.

ಆಗ ಜಯಣ್ಣ ಮುಂದೆ ಬಂದ. ಕೊನೆಯ ಪಾಳಿ ಅವನದು. ಹೆಲ್ಮೆಟ್ ಹಾಕಿಕೊಂಡು ಸಿದ್ಧನಾಗಿ ನಿಂತಿದ್ದ. ಊರಿನಿಂದ ಹೊರಟಾಗಿನಿಂದ ಗೆಲುವಿನ ಗೆರೆ ದಾಟುವವನು ತಾನೇ ಅಂತ ಕಂಡಕಂಡವರಿಗೆಲ್ಲ ಹೇಳಿದ್ದ. ಇನ್ನೊಮ್ಮೆ ನಿಲ್ಲಿಸಿದರೆ ಈ ಕಾರು ಮತ್ತೆ ಹೊರಡುತ್ತದೆ ಎನ್ನುವ ನಂಬಿಕೆ ಇಲ್ಲ, ಹಾಗಾಗಿ ಡ್ರೈವರ್ ಬದಲಿಸಲು ಇದೊಂದೇ ಅವಕಾಶ. ಅವನು ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಕ್ಲಚ್ ಇಲ್ದೆ ನಾನು ಓಡಿಸಿದ್ರೆ ಗೇರ್‌ಬಾಕ್ಸ್ ಪುಡಿ ಮಾಡ್ತೀನಿ ಯಜಮಾನ್ರೆ. ಅಕ್ಕಾರೇ ಹೋಗ್ಲಿ. ಪೆಟ್ರೋಲ್ ಬಾಯಿಮಟ ತುಂಬ್ಸಿ, ಮತ್ತೆ ನಿಲ್ಲಿಸಾದು ಬ್ಯಾಡ."

ತುಂಬಿದೆವು. ವತ್ಸಲಾ ಗೇರಿಗೆ ಹಾಕಿ ಸೆಲ್ಫ್ ಒತ್ತಿದರು. ಕಾರು ಒಮ್ಮೆ ಕುಪ್ಪಳಿಸಿತು, ಕಪ್ಪೆಯ ಹಾಗೆ ಇನ್ನೊಮ್ಮೆ ಕುಪ್ಪಳಿಸಿತು. ಬ್ಯಾಟರಿಯ ದನಿ ಇಳಿಯುತ್ತ ಬಂತು. ನಾನು ಕಣ್ಣು ಮುಚ್ಚಿ ಬಿಸ್ಮಿಲ್ಲಾ ಅಂದೆ. ಭರ್ರೆಂದು ಎಂಜಿನ್ ಹಿಡಿಯಿತು. ಅಷ್ಟೊತ್ತು ನಮ್ಮನ್ನು ನೋಡಿ ನಗುತ್ತಿದ್ದ ಪಕ್ಕದ ತಂಡದವರೇ ಚಪ್ಪಾಳೆ ಹೊಡೆದರು.

ಆಮೇಲಿನ ಹೊತ್ತು ನಾವು ನಿಂತಲ್ಲೇ ಓಡಿದೆವು. ಅಕ್ಕಾರು ಎದುರಿಗೆ ಹಾದುಹೋದಾಗಲೆಲ್ಲ ಕಿವಿ ಗೇರಿನ ಕಡೆಗೇ. ಒಮ್ಮೆಯೂ ಕಿರುಗುಟ್ಟಲಿಲ್ಲ. ಕೊನೆಕೊನೆಗೆ ಹೊಸ ಚಿಂತೆ ಹತ್ತಿತು: ಪೆಟ್ರೋಲ್ ಸಾಲುತ್ತದೋ ಇಲ್ಲವೋ? ಜಯಣ್ಣ ಹಲಗೆಯ ಮೇಲೆ ಸುಣ್ಣದಲ್ಲಿ "ನಿಧಾನ" ಎಂದು ಕನ್ನಡದಲ್ಲೇ ಬರೆದು ಎತ್ತಿ ಹಿಡಿದ. ಅವರು ನೇರ ದಾರಿಯ ತುದಿಯಲ್ಲಿ ಕಾಲು ತೆಗೆದು ಕಾರನ್ನು ಸುಮ್ಮನೆ ಹರಿಯಲು ಬಿಡತೊಡಗಿದರು. ಹಿಂದಿನ ಕಾರು ಹತ್ತಿರವಾಗುತ್ತ ಬಂತು, ಇನ್ನೂ ಹತ್ತಿರ. ಯಜಮಾನರು ನೋಡಲಾಗದೆ ಲಾರಿಯ ಹಿಂದೆ ಹೋಗಿ ನಿಂತರು. ಕೊನೆಯ ತಿರುವಿನಲ್ಲಿ ಮೊದಲು ಕಂಡದ್ದು ಮಂಕು ಹಸಿರು ಬಣ್ಣ!

ಚೌಕಳಿ ಬಾವುಟ ಬಿತ್ತು. ಗೆರೆ ದಾಟಿ ಸ್ವಲ್ಪ ದೂರ ಹೋಗಿ ಕಾರು ಕೆಮ್ಮಿ ನಿಂತಿತು, ಟ್ಯಾಂಕು ಒಣಗಿತ್ತು. ನಮ್ಮ ವರ್ಗದಲ್ಲಿ ಮೊದಲು. ನಾನೂ ಜಯಣ್ಣನೂ ಓಡಿ ಅಕ್ಕಾರನ್ನು ಸೀಟಿನಿಂದ ಎತ್ತಿದಾಗ ಅವರ ಎಡಗೈ ಗೇರ್ ಕಡ್ಡಿ ಹಿಡಿದ ಆಕಾರದಲ್ಲೇ ಇತ್ತು, ಬಿಚ್ಚಲು ಬರುತ್ತಿರಲಿಲ್ಲ. "ಬಂತೇನು? ಮೊದಲು ಬಂತೇನು?" ಅಂತ ಕೇಳುತ್ತಲೇ ಇದ್ದರು.

ಮರುದಿನ ಪತ್ರಿಕೆಯಲ್ಲಿ ದೊಡ್ಡ ಕಾರುಗಳ ವಿಜೇತನ ಫೋಟೊ ಬಂತು. ಅದರ ಅಂಚಿನಲ್ಲಿ ನಮ್ಮ ಕಾರಿನ ಬಾಲವಷ್ಟೇ. ನಮ್ಮ ಬಗ್ಗೆ ಒಂದು ಸಾಲೂ ಇರಲಿಲ್ಲ. ಜಯಣ್ಣ ಆ ಬಾಲವನ್ನೇ ಕತ್ತರಿಸಿ ಲಾರಿಯ ಕನ್ನಡಿಗೆ ಅಂಟಿಸಿಕೊಂಡ.

ಇನ್ನೂ ಕೆಲವು ಸಲ ಹೋದೆವು. ಗೆದ್ದೆವು ಅನ್ನುವುದಕ್ಕಿಂತ ಮುಗಿಸಿದೆವು ಎನ್ನಬೇಕು. ಕ್ರಮೇಣ ಆ ಕಾಲವೇ ಕರಗಿತು. ರನ್‌ವೇ ರೇಸುಗಳು ನಿಂತವು. ಬೇರೆ ಕಡೆ ಚಂದದ ಟ್ರ್ಯಾಕ್ ಬಂತು, ಕಂಪನಿಗಳ ತಂಡಗಳು ಬಂದವು, ಷೆಡ್ಡಿನಲ್ಲಿ ಮಾಡಿದ ಕಾರಿಗೆ ಅಲ್ಲಿ ಜಾಗವಿರಲಿಲ್ಲ. ಲೇತ್ ಬಣ್ಣದ ಕಾರು ಶಾಮನೂರಿನಲ್ಲಿದ್ದ ಜಯಣ್ಣನ ಲಾರಿ ಷೆಡ್ಡು ಸೇರಿತು. ನಾವು ಗಿರಣಿಗಳಿಗೆ ಹಿಂದಿರುಗಿದೆವು.

ಆಮೇಲೆ ಕೆಲಸದ ರೀತಿಯೂ ಬದಲಾಯಿತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಹೋಗಿ ಕಂಪ್ಯೂಟರ್ ನಡೆಸುವ ಇಂಜೆಕ್ಷನ್ ಬಂದಾಗ ನಾನೂ ಹೆದರಿದ್ದೆ. ಮೊದಲ ಸಲ ಕಾರಿಗೆ ಸ್ಕ್ಯಾನರ್ ಹಚ್ಚಿದ ದಿನ, ಬೆಳಿಗ್ಗೆಯಿಂದ ನಾನು ಹುಡುಕುತ್ತಿದ್ದ ದೋಷವನ್ನು ಅದು ಚಾ ಆರುವುದರೊಳಗೆ ತೋರಿಸಿತು. ಇದು ಆ ರನ್‌ವೇಯಲ್ಲಿ ನಮ್ಮ ಹತ್ತಿರ ಇದ್ದಿದ್ದರೆ! ಎನ್ನಿಸಿತು. ಹಳೆಯದೇ ಚಂದ ಅಂತ ನಿಮಗೆ ಹೇಳುವ ಮುದುಕ ನಾನಲ್ಲ. ಹೊಸ ಉಪಕರಣ ಬಂದರೆ ಮೊದಲು ಕೈ ಹಾಕಿ, ಆಮೇಲೆ ಬೈಯಿರಿ.

ಈಗ ಈಚಿನ ಮಾತು. ಜಯಣ್ಣ ತೀರಿಕೊಂಡು ಕೆಲವು ವರ್ಷವಾಗಿದೆ. ಶಾಮನೂರಿನ ಆ ಜಾಗ ಲೇಔಟ್ ಆಗುತ್ತದೆ, ಷೆಡ್ ಒಡೆಯುತ್ತಾರೆ ಅಂತ ಸುದ್ದಿ ತಿಳಿದ ದಿನವೇ ವತ್ಸಲಾ ಫೋನ್ ಮಾಡಿದರು. ಅವರೂ ನಿವೃತ್ತರು. "ದಾದಾಪೀರ್, ಕಾರು ಇನ್ನೂ ಅಲ್ಲೇ ಐತಂತೆ. ಬರ್ರಿ!"

ಹೋಗಿ ನೋಡಿದರೆ ಕಾರಿನ ಮೇಲೆ ಗೊಬ್ಬರದ ಚೀಲ, ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಕೋಳಿ ಎದ್ದ ಮೇಲೆ ಕಾರನ್ನು ವಿದ್ಯಾನಗರದ ಅವರ ಮನೆಯ ಅಂಗಳಕ್ಕೆ ತಂದೆವು. ಎಂಜಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ತಿರುಗುತ್ತಿರಲಿಲ್ಲ. ಸಿಲಿಂಡರಿಗೆ ಡೀಸೆಲ್ ಸುರಿದು ದಿನಾ ಬಂದು ಸ್ವಲ್ಪ ಅಲುಗಾಡಿಸಿ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಟಕ್ ಎಂದು ತಿರುಗಿತು. "ಅಕ್ಕಾರೆ, ತಿರುಗ್ತು!" ಎಂದು ನಾನು ಕೂಗಿದ ಕೂಗಿಗೆ ಅವರು ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಹೊಸ ಸೀಲು, ಹೊಸ ವೈರು, ಹೊಸ ಟೈರು, ಕ್ಲಚ್ಚಿಗೆ ಹೊಸ ಕೇಬಲ್ ಎರಡು. ಒಂದು ಹೆಚ್ಚಿಗೆ ಇರಲಿ ಅಂತ ಅಕ್ಕಾರ ಹಟ. ಓಡಾಡಲು ಅನುಕೂಲವಾಗಲಿ ಅಂತ ಎಡಕ್ಕೆ ಇನ್ನೊಂದು ಸೀಟು ಕೂರಿಸಿದೆವು. ಮೊದಲ ಸಲ ಅದು ಗುಡುಗಿದಾಗ ಬೀದಿಯ ಸ್ಕೂಟರುಗಳೆಲ್ಲ ನಿಂತವು. ನನಗೆ ಅಳು, ನಗು, ಎರಡೂ ಒಟ್ಟಿಗೆ ಬಂದವು.

ಕಾಗದ ಪತ್ರ ಸರಿಮಾಡಿಸಿಕೊಂಡು, ಒಂದು ಭಾನುವಾರ ಬೆಳಿಗ್ಗೆ ಹರಿಹರಕ್ಕೆ ಹೊರಟೆವು. ಯಜಮಾನರು ಅಲ್ಲಿ ಮಗನ ಮನೆಯಲ್ಲಿದ್ದಾರೆ. ತೊಂಬತ್ತರ ಹತ್ತಿರ, ಕಿವಿ ಮಂದ. ಮನೆಯ ಮುಂದೆ ಕಾರು ನಿಂತಾಗ ಕೋಲೂರಿಕೊಂಡು ಬಂದು ನಿಂತರು. ಮೂತಿಯ ರೇಡಿಯೇಟರ್ ನೋಡಿದರು, ಹೊಸ ಸೀಟು ನೋಡಿದರು.

"ಇದರಾಗ ಯಾರು ಕೂಡ್ರಾದು?"

"ನೀನೇ ಅಣ್ಣ. ಹತ್ತು."

ಆಗ ನನಗೆ ಹೊಳೆಯಿತು. ಈ ಕಾರನ್ನು ಕನಸಿನಲ್ಲಿ ಕಂಡವರು ಅವರು, ಕಟ್ಟಿಸಿದವರು ಅವರು. ಆದರೆ ಒಂದೇ ಸೀಟಿನ ಕಾರು, ಡ್ರೈವಿಂಗ್ ಅವರಿಗೆ ಬರುತ್ತಿರಲಿಲ್ಲ. ಇದು ಓಡುವಾಗ ಇದರೊಳಗೆ ಯಜಮಾನರು ಒಂದು ದಿನವೂ ಕೂತಿರಲಿಲ್ಲ!

ಮಗ, ಸೊಸೆ ಬೇಡ ಬೇಡ ಎನ್ನುತ್ತಿದ್ದಂತೆಯೇ ನಾನು ಅವರನ್ನು ಎತ್ತಿ ಕೂರಿಸಿ, ಬೆಲ್ಟ್ ಬಿಗಿದು, ಕೋಲು ಇಸಿದುಕೊಂಡೆ. ಹೊಳೆ ದಾಟಿ ತಿರುಗಿಸಿಕೊಂಡು ಬರುತ್ತೇವೆ ಅಂತ ಹೇಳಿ ಅಕ್ಕಾರು ಹೊರಟರು. ತುಂಗಭದ್ರೆಯ ಸೇತುವೆಯ ಮೇಲೆ ಆ ಸದ್ದು ದೂರ ದೂರ ಹೋಗಿ ಅಡಗಿತು. ಬರಬೇಕಾದ ಹೊತ್ತಾಯಿತು, ಬರಲಿಲ್ಲ. ಮಗ ಬೈಕ್ ತೆಗೆಯಲು ಹೋದ. ಅಷ್ಟರಲ್ಲಿ ಹೊಳೆಯ ಆಚೆಯಿಂದ ಸದ್ದು ಎದ್ದಿತು, ನಮ್ಮ ಕಡೆಗೇ ಬರುತ್ತಿತ್ತು, ಏರುತ್ತ, ಏರುತ್ತ.

ಕಾರು ನಿಂತಿತು. ಯಜಮಾನರ ತಲೆಯ ಟೋಪಿ ಎಲ್ಲಿ ಹಾರಿಹೋಗಿತ್ತೋ! ಬಿಳಿ ಕೂದಲು ನೆಟ್ಟಗೆ ನಿಂತಿತ್ತು. ಎರಡು ಕೈಯಲ್ಲೂ ಕಾರಿನ ಕಬ್ಬಿಣದ ಪೈಪು ಹಿಡಿದುಕೊಂಡು, ಕಿವಿ ಮಂದ ಇರುವವರು ಕೂಗುವ ಹಾಗೆ ಇಡೀ ಬೀದಿಗೆ ಕೇಳುವಂತೆ ಕೂಗಿದರು:

"ಲೇ ದಾದಾ! ಇಷ್ಟು ಜೋರಾಗಿ ಹೋಗತೈತೇನಲೇ ಇದು!"